ತಳ ನೋಡುವ ಕೆಲಸ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಕಾರಿನ ಹಿಂದಿನ ಎಡಗಾಲಿಯ ಕಡೆಯಿಂದ ಒಂದು ಸದ್ದು ಬಂತು. ಯಾರೋ ಕೆಳಗಿನಿಂದ ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರಲು ಕಾರಣವಿದೆ. ಆಗ ನಾನು ಮನೆಗೆ ಫೋನ್ ಮಾಡಿ, ಇನ್ನೇನು ಮಾಧವರಂ ತಲುಪುತ್ತೇನೆ, ಅನ್ನಕ್ಕಿಡಿ ಎಂದು ನಮ್ಮವರಿಗೆ ಹೇಳುತ್ತಿದ್ದೆ. ಆ ಕರೆಯ ಹೊತ್ತನ್ನು ಆಮೇಲೆ ಎಷ್ಟು ಸಲ ಫೋನಿನಲ್ಲಿ ತೆಗೆದು ನೋಡಿದ್ದೇನೋ ಲೆಕ್ಕವಿಲ್ಲ.

ಕಾರಿನಲ್ಲಿ ಮೂವರಿದ್ದೆವು. ಓಡಿಸುತ್ತಿದ್ದವರು ಮಣಿ. ಅವರ ಪಕ್ಕದಲ್ಲಿ ಕಾರಿನ ಒಡೆಯರಾದ ರಾಮಚಂದ್ರ ಹೆಬ್ಬಾರರು, ಚೆನ್ನೈನ ಎಗ್ಮೋರ್ ಸ್ಟೇಷನ್ನಿನ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸುವವರು. ಹಿಂದಿನ ಸೀಟಿನಲ್ಲಿ ಎಡಗಡೆ ನಾನು. ಆ ಹಳೆಯ ಬಿಳಿ ಡೀಸೆಲ್ ಕಾರನ್ನು ರಿಪೇರಿ ಮಾಡಿಸುವುದೋ ಗುಜರಿಗೆ ಕೊಡುವುದೋ ಎಂದು ಹೇಳುವುದಕ್ಕೆ ಹೆಬ್ಬಾರರು ಮೋಟಾರು ಸರ್ವೇಯರ್ ಆಗಿದ್ದ ನನ್ನನ್ನು ಕರೆದಿದ್ದರು. ಎಗ್ಮೋರಿನಲ್ಲಿ ನಿಲ್ಲಿಸಿಕೊಂಡು ಹೇಳಲಾರೆ, ಮಾಧವರಂನಲ್ಲಿ ನನಗೆ ಪರಿಚಯದ ವರ್ಕ್‌ಶಾಪ್ ಇದೆ, ಅಲ್ಲಿ ಲಿಫ್ಟ್ ಮೇಲೆ ಏರಿಸಿ ತಳ ನೋಡಿದ ಮೇಲೆ ಹೇಳುತ್ತೇನೆ ಎಂದಿದ್ದೆ. ಹಾಗೆ ನಾವು ತಳ ನೋಡಲು ಹೊರಟಿದ್ದೆವು.

ಸದ್ದು ಎರಡನೆಯ ಸಲ ಬಂದಾಗ ಮಣಿಯವರಿಗೆ ನಿಲ್ಲಿಸಲು ಹೇಳಿದೆ. ಆದರೆ ಆಗಲೇ ಮೇಲ್ಸೇತುವೆ ಏರಿಯಾಗಿತ್ತು. ಎಡಕ್ಕೆ ಗೋಡೆ, ಬಲಕ್ಕೆ ಬಸ್‌ಸ್ಟ್ಯಾಂಡಿಗೆ ಹೋಗುವ ಊರೂರ ಬಸ್ಸುಗಳು. ಇಳಿದ ಕೂಡಲೇ ನಿಲ್ಲಿಸುತ್ತೇನೆ ಎಂದರು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಇಳಿಜಾರಿನಲ್ಲಿ ಅವರು ಬ್ರೇಕಿನ ಮೇಲೆ ಕಾಲಿಟ್ಟರು. ದೊಡ್ಡದೊಂದು ಪೆಟ್ಟು ಕೇಳಿತು. ಕಾರಿನ ಹಿಂಭಾಗ ತನ್ನ ಪಾಡಿಗೆ ತಾನು ಪಕ್ಕಕ್ಕೆ ನಡೆಯತೊಡಗಿತು. ನನ್ನ ಪಾದದಡಿಯ ಹಲಗೆಯ ಒಂದು ತುದಿ ಕೆಳಕ್ಕೆ ಕುಸಿಯಿತು. ಆ ಸಂದಿಯಲ್ಲಿ ನಾನು ರಸ್ತೆ ಕಂಡೆ. ಬೂದುಬಣ್ಣದ ರಸ್ತೆ, ನನ್ನ ಚಪ್ಪಲಿಯ ಪಕ್ಕದಲ್ಲಿ, ಹೊಳೆಯ ನೀರಿನ ಹಾಗೆ ಹಿಂದಕ್ಕೆ ಓಡುತ್ತಿತ್ತು.

"ಅಮ್ಮಾ, ಕಾಲೈ ಮೇಲೆ ತೂಕ್ಕುಂಗ," ಎಂದರು ಮಣಿ. ಕಾಲು ಮೇಲೆತ್ತಿ ಎಂದು. ದನಿ ಏರಿಸಲಿಲ್ಲ. ಸ್ಟೇರಿಂಗಿನ ಜೊತೆ ಗುದ್ದಾಡುತ್ತಲೇ ಹೇಳಿದರು. ನಾನು ಎರಡೂ ಕಾಲನ್ನು ಸೀಟಿನ ಮೇಲೆಳೆದುಕೊಂಡು ಚಿಕ್ಕ ಮಕ್ಕಳ ಹಾಗೆ ಮುದುಡಿ ಕುಳಿತೆ. ಕಾರು ಅಡ್ಡ ತಿರುಗಿ ಗೋಡೆಗೆ ಉಜ್ಜಿಕೊಂಡು ನಿಂತಿತು. ಹಿಂದೆ ಡೇರಿಗೆ ಹೋಗುವ ಹಾಲಿನ ಟ್ಯಾಂಕರ್ ಇತ್ತು. ಅದರ ಬ್ರೇಕಿನ ಕಿರುಚು ಕೇಳಿ ಕಣ್ಣು ಮುಚ್ಚಿದೆ. ತೆರೆದಾಗ ನನ್ನ ಪಕ್ಕದ ಕಿಟಕಿಯ ತುಂಬ ಟ್ಯಾಂಕರಿನ ಮೂತಿಯೇ ಇತ್ತು, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ.

ಟ್ಯಾಂಕರಿನ ಚಾಲಕ ಇಳಿದು ಬಂದು ನಮ್ಮನ್ನೆಲ್ಲ ಬೈದ. ಆಮೇಲೆ ನನ್ನ ಮುಖ ನೋಡಿ ಬೈಯುವುದನ್ನು ನಿಲ್ಲಿಸಿ ನೀರಿನ ಬಾಟಲಿ ಕೊಟ್ಟ. ಕಾರಿನೊಳಗೆ ತಲೆ ಹಾಕಿ ಮೂಗು ಅರಳಿಸಿ, "ಎನ್ನ ಸಾಮಿ, ವಂಡಿಲ ಸಾಂಬಾರ್ ವಾಸನೆ ವರುದು?" ಎಂದು ಹೆಬ್ಬಾರರನ್ನು ಕೇಳಿದ. ಗಾಡಿಯಲ್ಲಿ ಸಾಂಬಾರಿನ ವಾಸನೆ ಬರುತ್ತಿದೆಯಲ್ಲ ಎಂದು. ಹೆಬ್ಬಾರರು ಕನ್ನಡಕ ಒರೆಸುತ್ತ, ಹೋಟೆಲಿನ ವಂಡಿ ಅಲ್ಲವಾ ಎಂದರು.

ನಡೆದದ್ದು ಇಷ್ಟೇ. ಮಣಿಯವರ ಮಣಿಕಟ್ಟು ಉಳುಕಿತು, ಬೇರೆ ಯಾರಿಗೂ ಏನೂ ಆಗಲಿಲ್ಲ. ಆದರೆ ಆ ದಿನದಿಂದ ನನ್ನ ನಿದ್ದೆ ಹೋಯಿತು. ನಮ್ಮ ಮನೆಯಿರುವುದೂ ಮಾಧವರಂನಲ್ಲೇ, ಡೇರಿಯ ರಸ್ತೆಗೆ ಹತ್ತಿರ. ಬೆಳಕು ಹರಿಯುವ ಮೊದಲೇ ಟ್ಯಾಂಕರುಗಳು ಸಾಲಾಗಿ ಹೋಗುತ್ತವೆ. ವರ್ಷಗಟ್ಟಲೆ ಆ ಸದ್ದು ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಈಗ ಮೊದಲ ಟ್ಯಾಂಕರಿನ ಬ್ರೇಕಿಗೇ ಎದ್ದು ಕಾಲು ಮೇಲೆಳೆದುಕೊಂಡು ಕುಳಿತಿರುತ್ತಿದ್ದೆ.

ನಮ್ಮ ಕನ್ನಡದ ಮಕ್ಕಳು ಒಬ್ಬಿಬ್ಬರು ಈಚೆಗೆ ಚೆನ್ನೈನಲ್ಲಿ ಈ ಕೆಲಸಕ್ಕೆ ಸೇರಿದ್ದಾರೆ. ಮೋಟಾರು ಸರ್ವೇಯರ್ ಅಂದರೆ ಏನು ಮಾಡಬೇಕು ಆಂಟಿ ಎಂದು ಕೇಳುತ್ತಾರೆ. ಕೆಟ್ಟ ಕಾರಿನ ಮುಂದೆ ನಿಂತು, ಇದಕ್ಕೆ ಇನ್ನೂ ಜೀವ ಉಂಟೋ ಇಲ್ಲವೋ ಎಂದು ಹೇಳಬೇಕು. ಕೆಲಸವೆಲ್ಲ ಅಷ್ಟೇ. ರಿಪೇರಿ ಖರ್ಚು ಕಾರಿನ ವಿಮಾ ಬೆಲೆಯ ಮುಕ್ಕಾಲು ಭಾಗ ದಾಟಿದರೆ ಟೋಟಲ್ ಲಾಸ್ ಎಂಬ ನಿಯಮ ಪುಸ್ತಕದಲ್ಲಿದೆ, ಅದನ್ನು ಯಾರು ಬೇಕಾದರೂ ಕಲಿಯಬಹುದು. ಪುಸ್ತಕದಲ್ಲಿಲ್ಲದ್ದನ್ನು ನಾನು ಕಲಿತದ್ದು ಅನಂತಕೃಷ್ಣನ್ ಸಾರ್ ಹತ್ತಿರ.

ಮೈಸೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಮದುವೆಯಾಗಿ ಈ ಊರಿಗೆ ಬಂದು ವಿಮಾ ಕಂಪನಿಯಲ್ಲಿ ಕೆಲಸಕ್ಕೆ ಸೇರಿದಾಗ ಅವರು ನನ್ನ ಮೇಲಧಿಕಾರಿ. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಮಡಿಚಿದ ಹಳೆಯ ದುಪ್ಪಟಿ. ಕಾರಿನ ಬಳಿ ಹೋದರೆ ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ಅವರು ದುಪ್ಪಟಿ ಹಾಸಿ ನೆಲಕ್ಕೆ ಮಲಗಿ ಕಾರಿನ ಅಡಿಗೆ ಸರಿಯುತ್ತಿದ್ದರು. ಅಲ್ಲಿಂದಲೇ ಮಾತು. ಇಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ, ತಳ ಕೆಟ್ಟರೆ ಓಡುತ್ತಲೇ ಇರುತ್ತದೆ, ಅದೇ ಅಪಾಯ ಎನ್ನುತ್ತಿದ್ದರು. ಇದು ಕಡಲ ಊರು, ಗಾಳಿಯಲ್ಲೇ ಉಪ್ಪಿದೆ, ಇಲ್ಲಿಯ ಕಾರುಗಳು ಕೆಳಗಿನಿಂದ ಸಾಯುತ್ತವೆ ಎಂದೂ ಹೇಳುತ್ತಿದ್ದರು.

ಮೊದಲ ದಿನ ನಾನು ಸೀರೆಯುಟ್ಟು ಹೋಗಿದ್ದೆ. ಸಂಜೆ ಅವರು, ನಾಳೆ ಮಲಗಲು ಬರುವಂಥದ್ದೇನಾದರೂ ಹಾಕಿಕೊಂಡು ಬಾ ಎಂದರು. ಮಾರನೆಯ ದಿನ ಚೂಡಿದಾರ್ ಹಾಕಿ ಕೋಡಂಬಾಕ್ಕಂನ ಒಂದು ಶೆಡ್ಡಿನಲ್ಲಿ ಕಾರಿನಡಿಗೆ ನುಸುಳಿದೆ. ಕೆಲಸದವರೆಲ್ಲ ಸ್ಪ್ಯಾನರ್ ಕೆಳಗಿಟ್ಟು ನೋಡಲು ನಿಂತರು. "ಅಮ್ಮಾ ಪಡುತ್ತುಟ್ಟಾಂಗ ಡಾ," ಎಂದು ಒಬ್ಬ ಇನ್ನೊಬ್ಬನಿಗೆ ಸುದ್ದಿ ಮುಟ್ಟಿಸಿದ. ಅಮ್ಮ ಮಲಗಿಬಿಟ್ಟರು ಎಂದು. ಆಮೇಲೆ ಆ ಭಾಗದ ಶೆಡ್ಡುಗಳಲ್ಲಿ ನನ್ನ ಹೆಸರು ಯಾರಿಗೂ ಬೇಕಾಗಲಿಲ್ಲ. ಮಲಗುವ ಅಮ್ಮ ಬಂದಿದ್ದಾರೆ ಎಂದರೆ ಸಾಕಿತ್ತು.

ತಳ ನೋಡಿದರೆ ಯಾವಾಗಲೂ ಕೆಟ್ಟದ್ದೇ ಸಿಗುತ್ತದೆ ಎಂದಲ್ಲ. ಒಬ್ಬ ನಿವೃತ್ತ ನರ್ಸಮ್ಮನ ಪುಟ್ಟ ಕಾರು ನೆನಪಾಗುತ್ತದೆ. ಬಸ್ಸೊಂದು ತಾಗಿ ಎರಡು ಬಾಗಿಲು, ಒಂದು ಮಡ್‌ಗಾರ್ಡ್ ಅಪ್ಪಚ್ಚಿಯಾಗಿದ್ದವು. ಬಣ್ಣ ಮೊದಲೇ ಎದ್ದುಹೋಗಿತ್ತು. ಆಗ ಅನಂತಕೃಷ್ಣನ್ ಸಾರ್ ನಿವೃತ್ತರಾಗಿ ಅವರ ಜಾಗಕ್ಕೆ ಬೇರೊಬ್ಬರು ಬಂದಿದ್ದರು. ಅವರು ತಮ್ಮ ಕಾರಿನಿಂದಿಳಿಯದೆ ಕಿಟಕಿಯಿಂದಲೇ ನೋಡಿ ಟೋಟಲ್ ಲಾಸ್ ಎಂದುಬಿಟ್ಟರು. ನಾನು ಅಡಿಗೆ ಹೋಗಿ ನೋಡಿದರೆ ತಳ ಹೊಸ ತಟ್ಟೆಯ ಹಾಗಿತ್ತು. ಆಯಮ್ಮ ಮಳೆಗಾಲದಲ್ಲಿ ಕಾರನ್ನು ಹೊರಗೇ ತೆಗೆಯುತ್ತಿರಲಿಲ್ಲವಂತೆ. ಮೂರು ಸಲ ಜಗಳವಾಡಿ ರಿಪೇರಿಗೆ ಒಪ್ಪಿಸಿದೆ. ಆಮೇಲೂ ಎಷ್ಟೋ ವರ್ಷ ಆಯಮ್ಮ ನನ್ನನ್ನು ಸಿಗ್ನಲ್ಲಿನಲ್ಲಿ ಕಂಡರೆ ಹಾರ್ನ್ ಹೊಡೆದು ಕೈಬೀಸುತ್ತಿದ್ದರು.

ಅದಕ್ಕೆ ತದ್ವಿರುದ್ಧ ನೀರಿನ ವರ್ಷದ ಕಾರುಗಳು. ಊರಿಗೇ ನೀರು ನುಗ್ಗಿ ಸೀಟಿನವರೆಗೆ ಮುಳುಗಿದ್ದ ಕಾರುಗಳನ್ನು ಜನ ಬಿಸಿಲಿಗಿಟ್ಟು ಒಣಗಿಸಿ, ಊದುಬತ್ತಿ ಹಚ್ಚಿ, ಸ್ಟಾರ್ಟ್ ಮಾಡಿ ತೋರಿಸುತ್ತಿದ್ದರು. ಓಡುತ್ತಿದೆಯಲ್ಲ ಮೇಡಂ ಎನ್ನುತ್ತಿದ್ದರು. ಓಡುತ್ತಿದ್ದವು, ನಿಜ. ಒಬ್ಬ ಮೇಷ್ಟ್ರ ಕಾರನ್ನು ಬೇಡವೆಂದು ಬರೆದದ್ದಕ್ಕೆ ಅವರು ನನ್ನೆದುರು ಅತ್ತರು. ಕಾರು ಎಂದರೆ ಜನರಿಗೆ ಬರೀ ಕಬ್ಬಿಣವಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಮಗಳನ್ನು ಹೆರಿಗೆಗೆ ಕರೆದೊಯ್ದದ್ದು, ಮೊದಲ ಸಲ ತಿರುಪತಿಗೆ ಹೋದದ್ದು, ಎಲ್ಲ ಆ ಸೀಟಿನಲ್ಲೇ ಆಗಿರುತ್ತದೆ. ಅದನ್ನು ಪೂರ್ತಿ ಕೇಳಬೇಕು. ಕೇಳಿದ ಮೇಲೆ ದುಪ್ಪಟಿ ಹಾಸಿ ಮಲಗಬೇಕು.

ಈಗ ಕೆಲಸದ ರೀತಿಯೇ ಬದಲಾಗಿದೆ. ಕಾರಿನವರು ಫೋನಿನಲ್ಲಿ ಫೋಟೋ ತೆಗೆದು ಕಳಿಸುತ್ತಾರೆ, ಬೇರೆ ಊರಿನಲ್ಲಿ ಕುಳಿತವರು ನೋಡಿ ತೀರ್ಮಾನ ಹೇಳುತ್ತಾರೆ. ಸಣ್ಣ ಗೀರು, ಒಡೆದ ದೀಪಕ್ಕೆ ಇದು ಒಳ್ಳೆಯದೇ. ನಾನು ಕಂಪನಿ ಬಿಡುವ ಹೊತ್ತಿಗೆ ನನ್ನ ಜೊತೆಗಿದ್ದ ಹುಡುಗಿಯೊಬ್ಬಳನ್ನು ಕೇಳಿದ್ದೆ, ಕಾಲಡಿಯ ಮ್ಯಾಟ್ ಎತ್ತಿ ಫೋಟೋ ತೆಗೆಯಲು ಹೇಳುವುದಿಲ್ಲವೇ ಎಂದು. "ಅದಕ್ಕೆ ಆ್ಯಪ್‌ನಲ್ಲಿ ಜಾಗ ಇಲ್ಲ ಮೇಡಂ," ಎಂದಳು. ಅವಳ ತಪ್ಪೇನಿಲ್ಲ. ಜಾಗ ಇಲ್ಲದಿದ್ದರೂ ಎತ್ತಿ ನೋಡಿ ಎಂದಷ್ಟೇ ನಾನು ಹೇಳಬಲ್ಲೆ.

ಹೆಬ್ಬಾರರ ಕಾರಿನಲ್ಲಿ ಎತ್ತಿ ನೋಡಲು ಆಗಿರಲಿಲ್ಲ. ಹಿಂದಿನ ಸೀಟಿನ ಮುಂದೆ ಕಾಲಿಡುವ ಜಾಗಕ್ಕೆ ಅಗಲವಾದ ಪ್ಲೈವುಡ್ ಹಲಗೆ ಕೂರಿಸಿ, ಮೇಲೆ ರೆಕ್ಸಿನ್ ಹೊದಿಸಿ, ಸುತ್ತ ಸ್ಕ್ರೂ ಹೊಡೆದಿತ್ತು. ಅದರ ಕಥೆಯನ್ನು ಹೇಳಬೇಕು.

ಹೆಬ್ಬಾರರ ತಂದೆ ಕುಂದಾಪುರದ ಕಡೆಯಿಂದ ಬಂದು ಎಗ್ಮೋರಿನಲ್ಲಿ ಹೋಟೆಲು ಹಾಕಿದವರು. ಆ ಕಾಲದಲ್ಲಿ ಕೋಡಂಬಾಕ್ಕಂನ ಸ್ಟುಡಿಯೋಗಳಿಗೆ ಕನ್ನಡ ಸಿನಿಮಾದ ಶೂಟಿಂಗಿಗೆ ಬಂದವರಿಗೆ ಇವರ ಹೋಟೆಲಿನಿಂದಲೇ ಊಟ ಹೋಗುತ್ತಿತ್ತಂತೆ. ಶೂಟಿಂಗ್ ನಿಂತುಹೋದರೂ ಅಲ್ಲಿ ಒಂದು ಸಣ್ಣ ಶಾಖೆ ಉಳಿಯಿತು. ಅಡುಗೆ ಮಾತ್ರ ಎಗ್ಮೋರಿನಲ್ಲೇ. ದಿನಾ ಬೆಳಿಗ್ಗೆ ಸಾಂಬಾರು, ಚಟ್ನಿ, ಹಿಟ್ಟು ಎಲ್ಲ ದೊಡ್ಡ ಪಾತ್ರೆಗಳಲ್ಲಿ ಈ ಕಾರಿನ ಹಿಂದೆ ಕುಳಿತು ಕೋಡಂಬಾಕ್ಕಂಗೆ ಹೋಗಬೇಕು. ಪಾತ್ರೆ ನಿಲ್ಲಲೆಂದೇ ಆ ಹಲಗೆ.

ಕಾರು ಕೊಂಡು ಇಪ್ಪತ್ತು ವರ್ಷ ದಾಟಿತ್ತು. ಈಗ ಪಾತ್ರೆ ಸಾಗಿಸಲು ಹೊಸ ವ್ಯಾನ್ ಬಂದಿದೆ. ಹಾಗಾಗಿ ಕಾರನ್ನು ಅಣಿಗೊಳಿಸಿ, ಸೀಟು ಬದಲಿಸಿ, ಬಣ್ಣ ಹೊಡೆಸಿ ಮಗಳು ಸುಮಾಳಿಗೆ ಕೊಡಬೇಕೆಂದು ಹೆಬ್ಬಾರರ ಆಸೆ. ಸುಮಾ ಮಗುವನ್ನು ಶಾಲೆಗೆ ಬಿಟ್ಟು ಆಫೀಸಿಗೆ ಹೋಗಬೇಕು. ಮಗು ಧೃತಿ ಆಗತಾನೆ ಯುಕೆಜಿ. ತಾನು ಓಡಾಡಿದ ಕಾರಿನಲ್ಲಿ ಮೊಮ್ಮಗಳು ಶಾಲೆಗೆ ಹೋಗುವುದನ್ನು ನೋಡಬೇಕು ಎಂದು ಆ ಹಿರಿಯರು ಹೇಳುವಾಗ ಅವರ ಮುಖ ನೋಡಬೇಕಿತ್ತು.

ನಾನು ಮೊದಲ ಸಲ ನೋಡಲು ಹೋದಾಗ ಹೆಬ್ಬಾರರು ಸ್ಟಾರ್ಟ್ ಮಾಡಿಸಿ, "ಹೋಯ್ ಗಿರಿಜಾ ಮೇಡಂ, ಎಂಜಿನ್ ಒಮ್ಮೆ ಕೇಳಿ. ಮಗು ನಿದ್ದೆ ಮಾಡಿದ ಹಾಗೆ ಉಂಟು, ಅಲ್ದಾ?" ಎಂದರು. ಹಾಗೇ ಇತ್ತು. ಅಷ್ಟು ಹಳೆಯ ಡೀಸೆಲ್ ಎಂಜಿನ್ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮೈಮೇಲೂ ಒಂದು ಧೂಳಿನ ಕಣವಿಲ್ಲ. ಒಳಗಂತೂ ದೇವರ ಮನೆಯಷ್ಟು ಚೊಕ್ಕಟ. ಇಷ್ಟು ಚೊಕ್ಕಟವಾಗಿ ಹೇಗಿಟ್ಟಿರಿ ಎಂದು ಮೆಚ್ಚಿಯೇ ಕೇಳಿದೆ. ಮಣಿ ನಕ್ಕು, ದಿನಾ ಕೋಡಂಬಾಕ್ಕಂನಿಂದ ಬಂದಕೂಡಲೇ ಒಳಗೆ ಎರಡು ಬಕೆಟ್ ನೀರು ಹೊಯ್ಯಬೇಕು, ಸಾಮಿಯ ಆರ್ಡರ್ ಎಂದರು.

ಹೆಬ್ಬಾರರು ಅದನ್ನು ವಿವರಿಸಿದರು. ಎಷ್ಟೇ ಮುಚ್ಚಳ ಬಿಗಿದರೂ ಸಾಂಬಾರು ಸ್ವಲ್ಪ ತುಳುಕುತ್ತದೆ. ತುಳುಕಿದ ಮೇಲೆ ಅದು ಮುಸುರೆ. ಮುಸುರೆಯಾದ ಜಾಗವನ್ನು ಬಟ್ಟೆಯಲ್ಲಿ ಒರೆಸಿದರೆ ಸಾಲದು, ನೀರು ಬಿಡಲೇಬೇಕು. ತಾಯಿಯ ಕಾಲದಿಂದ ಅಡುಗೆಮನೆಯಲ್ಲಿ ನಡೆದುಬಂದ ಕ್ರಮ, ಕಾರಿಗೂ ಅದೇ. ಅದೇ ಕಾರಿನಲ್ಲಿ ದೇವಸ್ಥಾನಕ್ಕೆ ಹೋಗಬೇಕಲ್ಲ ಎಂದರು. ನಾನೂ ಮುಸುರೆ ಗೊತ್ತಿರುವ ಮನೆಯಲ್ಲೇ ಬೆಳೆದವಳು. ತಲೆಯಾಡಿಸಿದೆ. ಆದರೆ ಆ ನೀರು ಹಲಗೆಯ ಅಡಿಗೆ ಹೋಗಿ ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆ ಅಲ್ಲೇ ಮೂಡಿತು. ಹೋಟೆಲಿನ ಮುಂದಿನ ಕಿಕ್ಕಿರಿದ ರಸ್ತೆಯಲ್ಲಿ ಕಾರಿನಡಿಗೆ ಮಲಗಲು ಜಾಗವಿರಲಿಲ್ಲ, ಅದಕ್ಕೇ ಲಿಫ್ಟ್ ಬೇಕೇಬೇಕು ಎಂದದ್ದು. ಲಿಫ್ಟಿಗೆ ಹೋಗುವ ದಾರಿಯಲ್ಲೇ ಆ ಹತ್ತು ನಲವತ್ತು ಬಂತು.

ಸೇತುವೆಯಿಂದ ಕಾರನ್ನು ಎಳೆಸಿ ವರ್ಕ್‌ಶಾಪಿಗೆ ತಂದರು. ಅದನ್ನು ನಡೆಸುವ ಸೆಲ್ವಂ ಲಿಫ್ಟ್ ಮೇಲೇರಿಸಿ, ಮುರಿದದ್ದು ಏನು ಎಂದು ತೋರಿಸಿದರು. ಹಿಂದಿನ ಎಡಭಾಗದ ಲೀಫ್ ಸ್ಪ್ರಿಂಗನ್ನು ಕಾರಿನ ತಳಕ್ಕೆ ಹಿಡಿದಿಡುವ ಬ್ರಾಕೆಟ್ ಕಿತ್ತು ಬಂದಿತ್ತು. ನಾನು ಆ ದಿನ ನೋಡಿದೆ ಎನ್ನುವುದಕ್ಕಿಂತ ಅದರ ಮುಂದೆ ನಿಂತಿದ್ದೆ ಎನ್ನಬೇಕು. ಟಾರ್ಚ್ ಹಿಡಿದ ಕೈ ನಿಲ್ಲುತ್ತಿರಲಿಲ್ಲ. ಆದರೂ ಬಾಯಿಂದ ಮಾತು ಬಂತು. ಇದು ಬೇಡ ಹೆಬ್ಬಾರ್ರೇ, ಬಿಟ್ಟುಬಿಡಿ ಎಂದೆ.

ಹೆಬ್ಬಾರರು ಒಪ್ಪಲಿಲ್ಲ. ಒಂದು ಬ್ರಾಕೆಟ್ ತಾನೆ, ಎಲ್ಲೋ ಗುಂಡಿಗೆ ಬಿದ್ದು ಸಡಿಲಾಗಿತ್ತು ಎಂದರು. ಸೆಲ್ವಂ ವ್ಯಾಪಾರಸ್ಥ. ದಪ್ಪ ಪಟ್ಟಿ ಹಾಕಿ ವೆಲ್ಡ್ ಮಾಡಿ, ಮೇಲೆ ಕಪ್ಪು ಕೋಟಿಂಗ್ ಹೊಡೆದರೆ ಹೊಸದರ ಹಾಗೆ ಕಾಣುತ್ತದೆ, ಮೇಡಂ ಹೂಂ ಅಂದರೆ ಮಾಡೋಣ ಎಂದು ಮಾತನ್ನು ನನ್ನ ಕಡೆ ತಳ್ಳಿದರು. ನಾನು ಮತ್ತೆ ಬೇಡವೆಂದೆ. ಆಗ ಹೆಬ್ಬಾರರು ಮೆತ್ತಗೆ, ಬೇಸರವಿಲ್ಲದೆ ಹೇಳಿದರು:

"ಮೇಡಂ, ನೀವು ಹೆದರಿದ್ದೀರಿ ಮಾರಾಯ್ರೆ. ನಾನೂ ಹೆದರಿದ್ದೇನೆ. ಹೆದರಿಕೆಯಲ್ಲಿ ಎಂತ ತೀರ್ಮಾನ ಮಾಡೂದು? ಒಂದು ವಾರ ಹೋಗ್ಲಿ."

ಆ ಮಾತು ನನ್ನ ಎದೆಯಲ್ಲಿ ಕುಳಿತುಬಿಟ್ಟಿತು. ಅನಂತಕೃಷ್ಣನ್ ಸಾರ್ ಕೂಡ ಅದನ್ನೇ ಬೇರೆ ರೀತಿಯಲ್ಲಿ ಹೇಳುತ್ತಿದ್ದರು, ಪೆಟ್ಟು ತಿಂದವರು ಆ ಕಾರಿನ ಸರ್ವೇ ಮಾಡಬಾರದು ಎಂದು. ಪೆಟ್ಟು ತಿಂದವರಿಗೆ ಎಲ್ಲ ಕಾರೂ ಕೆಟ್ಟದ್ದಾಗಿ ಕಾಣುತ್ತದೆ. ನಾನು ಬೇಡವೆಂದದ್ದು ತಳವನ್ನು ನೋಡಿಯೋ, ಸಂದಿಯಲ್ಲಿ ಓಡಿದ ರಸ್ತೆಯನ್ನು ನೋಡಿಯೋ? ರಾತ್ರಿಯೆಲ್ಲ ನನಗೆ ಅದೇ ಪ್ರಶ್ನೆ. ಒಂದೊಂದು ಸಲ, ಆ ಮನುಷ್ಯನ ಆಸೆಯನ್ನು ನನ್ನ ಪುಕ್ಕಲುತನಕ್ಕಾಗಿ ಕೆಡಿಸುತ್ತಿದ್ದೇನೆ ಎನಿಸುತ್ತಿತ್ತು. ಇನ್ನೊಂದು ಸಲ ಧೃತಿ ನನ್ನ ಜಾಗದಲ್ಲಿ ಕುಳಿತಿರುವುದು ಕಾಣುತ್ತಿತ್ತು. ಅವಳ ಕಾಲು ನೆಲಕ್ಕೆ ಎಟುಕುವುದಿಲ್ಲ, ಹಾಗಾಗಿ ಮೇಲೆಳೆದುಕೋ ಎಂದು ಯಾರೂ ಹೇಳಬೇಕಾಗಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮರುಕ್ಷಣವೇ, ಸೀಟಿನ ಕಾಲು ನಿಂತಿರುವುದೂ ಅದೇ ತಳದ ಮೇಲಲ್ಲವೇ ಎಂದು ನೆನಪಾಗುತ್ತಿತ್ತು.

ಅಷ್ಟರಲ್ಲಿ ಸುಮಾ ಫೋನ್ ಮಾಡಿದಳು. ಅವಳು ಹುಟ್ಟಿ ಓದಿದ್ದೆಲ್ಲ ಚೆನ್ನೈನಲ್ಲಿ. ಕನ್ನಡ ಶುರುಮಾಡಿದರೆ ನಡುವೆ ತಮಿಳು ಬಂದೇ ಬರುತ್ತದೆ.

"ಆಂಟಿ, ಅಪ್ಪನ ಹತ್ರ ವೇಣಾಂ, ಬೇಡ ಅಂತ ನಾನು ಹೇಳಿದ್ರೆ ಅವರಿಗೆ ತುಂಬಾ ಕಷ್ಟ ಆಗ್ತದೆ. ನೀವು ಸರಿ ಅಂದ್ರೆ ನಾನು ಓಡಿಸ್ತೇನೆ, ಧೃತಿನ ಕೂರಿಸ್ತೇನೆ. ನೀವು ಬೇಡ ಅಂದ್ರೆ ಕೂರಿಸೂದಿಲ್ಲ. ಅವ್ವಳವುದಾನ್."

ಅಷ್ಟೇ ಎಂದು ಮುಗಿಸಿಬಿಟ್ಟಳು. ನನಗೆ ಅದು ಅಷ್ಟೇ ಆಗಿರಲಿಲ್ಲ.

ಆಮೇಲೆ ನಾನು ಮಾಡಿದ್ದು, ಇದನ್ನು ಓದುವ ಮಕ್ಕಳು ಗಮನಿಸಲಿ ಎಂದೇ ಬರೆಯುತ್ತಿದ್ದೇನೆ. ಸೆಲ್ವಂಗೆ ಯಾವ ಕೆಲಸವನ್ನೂ ಶುರು ಮಾಡಬೇಡಿ ಎಂದು ಹೇಳಿದೆ. ಕೈ ನಡುಗುವುದು ನಿಲ್ಲುವವರೆಗೆ ಕಾದೆ. ದಿನಾ ಬೆಳಿಗ್ಗೆ ಒಂದು ಲೋಟ ತುಂಬ ಕಾಫಿ ಹಿಡಿದು ಅಡುಗೆಮನೆಯಿಂದ ವರಾಂಡಕ್ಕೆ ನಡೆದು ನೋಡುತ್ತಿದ್ದೆ. ತುಳುಕಿದರೆ ಇವತ್ತಲ್ಲ. ನಮ್ಮವರು ಮೊದಲೆರಡು ದಿನ ನೋಡಿ, "ಕಾಫಿ ಕುಡಿಯೋಕೂ ಸರ್ವೇ ಮಾಡ್ತೀಯಲ್ಲೇ," ಎಂದು ಹಾಸ್ಯ ಮಾಡಿದರು. ಆಮೇಲೆ ಸುಮ್ಮನೆ ನೆಲ ಒರೆಸುವ ಬಟ್ಟೆ ಹಿಡಿದು ನನ್ನ ಹಿಂದೆ ಬರತೊಡಗಿದರು. ತುಳುಕದ ದಿನ ಬಂದಾಗ ಹಳೆಯ ಚೂಡಿದಾರ್ ಹಾಕಿ, ಅನಂತಕೃಷ್ಣನ್ ಸಾರ್ ನಿವೃತ್ತರಾಗುವಾಗ ಕೊಟ್ಟುಹೋದ ದುಪ್ಪಟಿ ಹಿಡಿದು ಹೊರಟೆ. ಲಿಫ್ಟ್ ಇರುವಾಗ ದುಪ್ಪಟಿಯ ಅಗತ್ಯವಿರಲಿಲ್ಲ. ಆದರೂ ತೆಗೆದುಕೊಂಡು ಹೋದೆ.

ಸೆಲ್ವಂ ಹಲಗೆಯ ಸ್ಕ್ರೂಗಳನ್ನು ಬಿಚ್ಚಿ ಕೊಟ್ಟರು. ಮುರಿದ ಜಾಗವನ್ನು ಬೇಕೆಂದೇ ಬಿಟ್ಟು, ಮುರಿಯದ ಬಲಭಾಗದಿಂದ ಶುರುಮಾಡಿದೆ. ಹೆದರಿಕೆ ಇರುವುದು ಎಡಕ್ಕೆ, ಹಾಗಾಗಿ ಸತ್ಯವನ್ನು ಬಲಕ್ಕೆ ಕೇಳೋಣ ಎಂದುಕೊಂಡೆ. ಸಣ್ಣ ಸುತ್ತಿಗೆಯಿಂದ ಸಾಲಾಗಿ ತಟ್ಟುತ್ತ ಹೋದೆ. ಗಟ್ಟಿ ಕಬ್ಬಿಣ ಕಿವಿಗೆ ಗಂಟೆಯಂತೆ ಮರುದನಿ ಕೊಡುತ್ತದೆ, ತುಕ್ಕು ತಿಂದದ್ದು ಒದ್ದೆ ರಟ್ಟಿನ ಹಾಗೆ. ಮುಂಭಾಗ ಒಳ್ಳೆಯ ದನಿ ಕೊಟ್ಟಿತು. ಹಿಂದಿನ ಸೀಟಿನ ಅಡಿಗೆ ಬಂದಾಗ ದನಿ ಸತ್ತುಹೋಯಿತು. ಸ್ಕ್ರೂಡ್ರೈವರಿನ ತುದಿಯಿಟ್ಟು ಮೆಲ್ಲಗೆ ಒತ್ತಿದೆ. ಹಪ್ಪಳಕ್ಕೆ ಬೆರಳಿಟ್ಟ ಹಾಗೆ ಒಳಗೆ ಹೋಯಿತು. ಪಕ್ಕದಲ್ಲಿ ಒತ್ತಿದೆ, ಅಲ್ಲೂ ಹೋಯಿತು. ವೆಲ್ಡಿಂಗ್ ಹಿಡಿಯಬೇಕಾದರೆ ಪಟ್ಟಿಯ ಸುತ್ತ ಒಳ್ಳೆಯ ಕಬ್ಬಿಣ ಬೇಕು. ಇಲ್ಲಿ ಹೊಸ ಪಟ್ಟಿಯನ್ನು ಹಪ್ಪಳದ ಅಂಚಿಗೆ ಅಂಟಿಸಬೇಕಿತ್ತು.

ಕಾರಿನ ತಳದ ಎರಡೂ ಬದಿಗೆ ಉದ್ದಕ್ಕೆ ಪೆಟ್ಟಿಗೆಯಂಥ ಟೊಳ್ಳು ತೊಲೆಗಳಿರುತ್ತವೆ. ಇಡೀ ಭಾರ ಅವುಗಳ ಮೇಲೆ. ಬಲಗಡೆಯ ತೊಲೆಗೆ ಬಿದ್ದ ತೂತಿನಲ್ಲಿ ಬೆರಳು ಹಾಕಿ ಒಳಗಿನದನ್ನು ಕೆರೆದು ತೆಗೆದೆ. ಕಂದು ಬಣ್ಣದ, ಪದರ ಪದರವಾದ ಗಟ್ಟಿ ಮಣ್ಣಿನಂಥದ್ದು ಬಂತು. ಬೆಳಕಿಗೆ ಹಿಡಿದೆ. ಅದರಲ್ಲಿ ಸಾಸಿವೆ ಕಾಳುಗಳಿದ್ದವು. ಒಂದು ಕರಿಬೇವಿನ ಎಲೆ ಒಣಗಿ, ನರದ ಸಮೇತ ಹಾಗೇ ಉಳಿದಿತ್ತು.

ಹೆಬ್ಬಾರರಿಗೆ ಫೋನ್ ಮಾಡಿ ಬರಲು ಹೇಳಿದೆ. ಆಟೋದಲ್ಲಿ ಬಂದರು. ನಾನು ವಾದ ಮಾಡಲಿಲ್ಲ. ಆ ತುಂಡನ್ನು ಕಾಗದದ ಮೇಲಿಟ್ಟು ಅವರ ಕೈಗೆ ಕೊಟ್ಟೆ. ಕನ್ನಡಕ ಮೇಲೆತ್ತಿ ನೋಡಿದರು. ಮೂಗಿನ ಹತ್ತಿರ ಹಿಡಿದರು. ನಾಲ್ಕು ದಶಕ ಅಡುಗೆಮನೆಯಲ್ಲಿ ಕಳೆದ ಮೂಗು ಅದು.

"ಹುಳಿ," ಎಂದರು. ಕರಿಬೇವಿನ ಎಲೆಯನ್ನು ಉಗುರಿನಿಂದ ಬಿಡಿಸುತ್ತ, "ನಮ್ಮ ಸಾಂಬಾರೇ ತಿಂದದ್ದಾ ಇದನ್ನು?" ಎಂದು ಕೇಳಿದರು.

ಸಾಂಬಾರು, ಅದರ ಉಪ್ಪು, ಅದರ ಹುಳಿ, ಮೇಲಿಂದ ದಿನಾ ಹೊಯ್ದ ನೀರು, ಎಲ್ಲ ಸೇರಿ ಎಂದೆ. ಚೊಕ್ಕಟ ಮಾಡಿದ ನೀರು ಹಲಗೆಯಡಿ ಇಳಿದು ತೊಲೆಯೊಳಗೆ ನಿಂತಿತು, ಒಂದು ದಿನವೂ ಒಣಗಲು ಬಿಡಲಿಲ್ಲ ಎಂದೆ. ಅವರಿಗೆ ನೋವಾಗದಂತೆ ಹೇಳುವ ದಾರಿ ನನಗೆ ಸಿಗಲಿಲ್ಲ.

ಅವರು ಲಿಫ್ಟಿನಡಿಗೆ ಬಂದು ನಿಂತು ಕತ್ತೆತ್ತಿ ಬಹಳ ಹೊತ್ತು ನೋಡಿದರು. ಸುತ್ತಿಗೆ ಕೇಳಿ ಪಡೆದು ತಾವೇ ತಟ್ಟಿದರು. ಮುಂದೆ ತಟ್ಟಿದರು, ಹಿಂದೆ ತಟ್ಟಿದರು, ಮತ್ತೆ ಮುಂದೆ. ಹಿತ್ತಾಳೆ ಪಾತ್ರೆ ಕೊಳ್ಳುವಾಗ ತಟ್ಟಿ ದನಿ ಕೇಳುವವರ ಕೈ ಅದು, ನಾನು ವಿವರಿಸಬೇಕಾಗಲಿಲ್ಲ. ಸೆಲ್ವಂ ಇನ್ನೊಮ್ಮೆ ದಪ್ಪ ಪಟ್ಟಿಯ ಮಾತೆತ್ತಿದರು. ಹೆಬ್ಬಾರರು ಕೈ ಅಡ್ಡ ಮಾಡಿದರು.

"ಬೇಡ ಸೆಲ್ವಂ. ತಳ ತೆಳ್ಳಗಾದ ಹಂಡೆಗೆ ನಾವು ಬೆಸುಗೆ ಹಾಕ್ಸೂದಿಲ್ಲ. ಕಲಾಯಿ ಹಾಕಿದ್ರೆ ಹೊಳೀತದೆ, ಸರಿ. ಒಲೆ ಮೇಲೆ ಇಟ್ಟಾಗ ತಳ ಬಿಟ್ರೆ ಕುದಿಯೂ ನೀರು ಯಾರ ಕಾಲ ಮೇಲೆ ಬೀಳ್ತದೆ? ತೂಕಕ್ಕೆ ಹಾಕೂದೇ ಅದನ್ನು." ನನ್ನ ಕಡೆ ತಿರುಗಿದರು. "ನೀವು ಹೆದರಿ ಹೇಳಿದ್ದಲ್ಲ ಮೇಡಂ. ನಾನು ಆಸೆಯಲ್ಲಿ ಕೇಳಿದ್ದು."

ಅಲ್ಲೇ ಸುಮಾಳಿಗೆ ಫೋನ್ ಮಾಡಿದರು. ಧೃತಿ ಸದ್ಯಕ್ಕೆ ಶಾಲೆಯ ವ್ಯಾನಿನಲ್ಲೇ ಹೋಗಲಿ, ಮುಂದಿನದನ್ನು ನಿಧಾನಕ್ಕೆ ನೋಡೋಣ ಎಂದರು. ಆ ಕಡೆಯಿಂದ ಅವಳು ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಅವರು "ಸರಿ ಮಗಾ, ಸರಿ" ಎನ್ನುತ್ತ ಕಣ್ಣು ಒರೆಸಿಕೊಂಡರು.

ಗುಜರಿಯವರ ಲಾರಿ ಬರುವ ದಿನ ನಾನೂ ಹೋಗಿದ್ದೆ. ಹೆಬ್ಬಾರರು ಮಣಿಯವರ ಜೊತೆ ಮೊದಲೇ ಬಂದು, ಕಾರಿಗೆ ಮಲ್ಲಿಗೆ ಹಾರ ಹಾಕಿ ಅರಿಸಿನ ಕುಂಕುಮ ಹಚ್ಚಿದ್ದರು. ಮಣಿ ವಾಡಿಕೆಯಂತೆ ಬಕೆಟ್ಟಿನಲ್ಲಿ ನೀರು ತಂದಿದ್ದರು. ಕಟ್ಟುಹಾಕಿದ ಕೈಯಲ್ಲಿ ಅವರಿಗೆ ಎತ್ತಿ ಹೊಯ್ಯಲಾಗದೆ, ಹೆಬ್ಬಾರರೇ ಹಿಂದಿನ ಬಾಗಿಲು ತೆರೆದು ಒಳಗೆ ಸುರಿದರು. ಹಲಗೆಯಿಲ್ಲದ ತಳದಲ್ಲಿ ನೀರು ಒಂದು ಗಳಿಗೆಯೂ ನಿಲ್ಲಲಿಲ್ಲ. ಹತ್ತು ಕಡೆಯಿಂದ ಸೋರಿ, ಸೀದಾ ನೆಲಕ್ಕೆ ಬಿದ್ದು, ನಮ್ಮ ಚಪ್ಪಲಿಗಳ ನಡುವೆ ಹರಿದುಹೋಯಿತು. ಆ ಹರಿಯುವ ನೀರನ್ನು ನೋಡುತ್ತ ನನಗೆ ಸೇತುವೆಯ ಮೇಲಿನ ರಸ್ತೆ ನೆನಪಾಯಿತು. ಈ ಸಲ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.

"ಒರೆಸೂ ಕೆಲ್ಸ ತಪ್ಪಿತು, ಮಣಿ," ಎಂದರು ಹೆಬ್ಬಾರರು. ಮಣಿ ನಗಲು ನೋಡಿದರು, ಆಗಲಿಲ್ಲ. ಲಾರಿಯವರು ಕಾರನ್ನು ಮೇಲಕ್ಕೆಳೆದುಕೊಂಡರು. ತಿರುವಿನಲ್ಲಿ ಅದು ಮರೆಯಾಗುವವರೆಗೂ ನಾವು ಮೂವರೂ ರಸ್ತೆಯಲ್ಲೇ ನಿಂತಿದ್ದೆವು.

ಮಾರನೆಯ ಬೆಳಿಗ್ಗೆ ಕಣ್ಣು ಬಿಟ್ಟಾಗ ಕಿಟಕಿಯ ಪರದೆಯ ಮೇಲೆ ಬಿಸಿಲು ಬಿದ್ದಿತ್ತು. ನಮ್ಮವರು ಕಾಫಿ ಲೋಟ ಹಿಡಿದು ಮಂಚದ ಪಕ್ಕ ನಿಂತಿದ್ದರು. ಕಾಲು ನೇರವಾಗಿ ಚಾಚಿ ಮಲಗಿದ್ದೆ.

"ಇವತ್ತು ಟ್ಯಾಂಕರ್ ಬರಲಿಲ್ಲವಾ?" ಎಂದೆ.

"ಎಲ್ಲಾ ಬಂದು ಹೋದವು," ಎಂದರು.